ಅತ್ತೆಯವರಿಗಾಗಿ ಎತ್ತರಿಸಿದ ಜೀಪು

ನಮ್ಮ ಮನೆಯವರ ತಲೆಗೆ ಒಂದು ಸಂಗತಿ ಹೊಕ್ಕಿತೆಂದರೆ ಅದು ಹೊರಗೆ ಬರುವ ದಾರಿ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಮಾಳಿಗೆಯ ಮೇಲೆ ಜೇನು ಸಾಕಿದರು. ಜೇನು ಹಾರಿಹೋಯಿತು, ಕಚ್ಚಿಸಿಕೊಂಡ ಓಣಿಯವರು ಮಾತ್ರ ಉಳಿದರು. ಆಮೇಲೆ ಒಂದು ವರ್ಷ ಯೋಗಾಸನ. ಈಗ ಹೊಕ್ಕದ್ದು ಜೀಪು. ಆದರೆ ಈ ಸಲದ ಹುಚ್ಚಿಗೆ ಒಂದು ಕಾರಣವಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲರೂ ಅವರೊಬ್ಬರನ್ನೇ ನೋಡಿ ನಗುತ್ತಾರೆ. ನಗುವುದಕ್ಕೆ ನಾನಿದ್ದೇನಲ್ಲ, ಸಾಕು.

ಕಾರಣ ನಮ್ಮ ಅತ್ತೆ ಹಂಪಮ್ಮ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ಚರಗ ಚೆಲ್ಲುವವರು ಅವರೇ. ಚರಗವೆಂದರೆ ಮನೆಯಲ್ಲಿ ಮಾಡಿದ ಸಜ್ಜೆ ರೊಟ್ಟಿ, ಕಡಬು, ಪಲ್ಯ, ಅನ್ನ ಎಲ್ಲವನ್ನೂ ಕಲಸಿ, ಪೈರಿನ ಸುತ್ತ ಚೆಲ್ಲುತ್ತ ಭೂಮಿತಾಯಿಗೆ ಉಣಿಸುವುದು. ಮುಂದಿನವರು 'ಹುಲ್ಲುಲ್ಲಿಗೋ' ಎಂದು ಕೂಗಿ ಚೆಲ್ಲಿದರೆ, ಹಿಂದಿನವರು 'ಚಲಾಂಬ್ರಿಗೋ' ಎಂದು ನೀರು ಹಾಕುತ್ತ ಹೋಗಬೇಕು. ಮಾವನವರು ತೀರಿಕೊಂಡ ಮೇಲೆ ಅತ್ತೆಯೇ ಮುಂದೆ, ನಾನು ತಂಬಿಗೆ ಹಿಡಿದು ಹಿಂದೆ. ಅತ್ತೆಯ ಕೂಗು ಎಂಥದೆಂದರೆ ಕೆನಾಲಿನ ಆಚೆಯ ಜನರೂ ತಮ್ಮ ಹೊಲದ ಚರಗ ಶುರುಮಾಡುತ್ತಿದ್ದರು.

ಎರಡು ವರ್ಷದಿಂದ ಅತ್ತೆಯ ಎರಡೂ ಮೊಣಕಾಲು ಕೈಕೊಟ್ಟಿವೆ. ಸಮ ನೆಲದಲ್ಲಿ ಕೋಲೂರಿ ನಡೆಯುತ್ತಾರೆ, ಮೆಟ್ಟಿಲು ಬಂದರೆ ಮುಗಿಯಿತು. ಕಲಬುರಗಿಯ ಡಾಕ್ಟರು ಕೊಯ್ಯಬೇಕೆಂದರೆ, 'ಅಂವನ ಕಾಲ ಮೊದ್ಲ ಕೊಯ್ಕೊಳ್ಳಾಕ ಹೇಳು' ಎಂದರು. ನಮ್ಮ ಹೊಲಕ್ಕೆ ಹೋಗಲು ವಡಗೇರಾ ಕಡೆಯ ಡಾಂಬರು ರಸ್ತೆ ಬಿಟ್ಟು ಕೆನಾಲಿನ ಏರಿ ಹಿಡಿಯಬೇಕು. ಏರಿ ಮುಗಿದ ಮೇಲೆ ಇರುವುದು ದಾರಿಯಲ್ಲ, ದಾರಿಯ ನೆನಪು. ಕೆನಾಲಿನ ನೀರು ವರ್ಷವಿಡೀ ಬಸಿದು ಎರೆಮಣ್ಣು ಯಾವಾಗಲೂ ಹಸಿ. ಟ್ರಾಕ್ಟರುಗಳು ಓಡಾಡಿ ಎರಡು ಕಡೆ ಆಳವಾದ ಗಾಲಿಯ ಹಾದಿ, ನಡುವೆ ಆನೆಯ ಬೆನ್ನಿನಂಥ ದಿಬ್ಬ. ಹೋದ ವರ್ಷ ನಮ್ಮ ಕಾರು ಏರಿಯ ಮೇಲೇ ನಿಂತಿತು. ಹೊಲವನ್ನು ಪಾಲಿಗೆ ಮಾಡುವ ಲಿಂಗಣ್ಣ ಟ್ರಾಕ್ಟರಿನ ಟ್ರಾಲಿ ತಂದ. ಅತ್ತೆ ಅದನ್ನು ನೋಡಿ, 'ನಾ ಏನ್ ಹತ್ತಿ ಅಂಡಿಗಿ ಏನೋ, ಹೇರ್ಕೊಂಡು ಹೋಗಾಕ?' ಎಂದು ಕಾರಿನಲ್ಲೇ ಕೂತುಬಿಟ್ಟರು. ಚರಗ ಚೆಲ್ಲಿದ್ದು ನಮ್ಮ ಮನೆಯವರು.

ನಾನು ಹಿಂದೆ ತಂಬಿಗೆ ಹಿಡಿದಿದ್ದೆ, ಅವರ ಕೂಗು ನನಗೇ ಕೇಳಿಸಲಿಲ್ಲ. ತಮ್ಮ ಅಡತಿ ಅಂಗಡಿಯಲ್ಲಿ ದಿನಾ ಹತ್ತಿಯ ಹರಾಜು ಕೂಗುವ ಮನುಷ್ಯ ಭೂಮಿತಾಯಿಯ ಮುಂದೆ ನಾಚಿಕೊಂಡರು. ಮರಳಿ ಬಂದರೆ ಅತ್ತೆ ಕಾರಿನೊಳಗೆ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ವರ್ಷ ತೊಗರಿ ಸರಿಯಾಗಿ ಬರಲಿಲ್ಲ. ತಾಲೂಕಿನ ಯಾರ ತೊಗರಿಯೂ ಬರಲಿಲ್ಲ, ಆದರೆ ಅತ್ತೆಯ ಲೆಕ್ಕದಲ್ಲಿ ಇಡೀ ತಾಲೂಕಿನ ತೊಗರಿ ಹೋದದ್ದು ಮಗನ ಕೂಗಿನಿಂದ.

'ಕಾಗಿಗೂ ಕೇಳ್ಲಿಲ್ಲ ನಿನ್ನ ಕೂಗ. ಭೂಮ್ತಾಯಿಗೆ ಹ್ಯಾಂಗ ಕೇಳ್ಬೇಕು?' ಎಂದು ಊಟಕ್ಕೆ ಕೂತಾಗಲೆಲ್ಲ ಅಂದರು.

'ಮುಂದಿನ ಎಳ್ಳಮಾಸಿಗೆ ನಿನ್ನ ಹೊಲದ ಬನ್ನಿ ಗಿಡದ ತನಕ ಒಯ್ದು ಬಿಡ್ತೀನಿ ಯವ್ವಾ. ಬಿಡ್ಲಿಲ್ಲಂದ್ರ ನಾ ಮಹೇಶಕುಮಾರ ಅಲ್ಲ' ಎಂದು ಇವರು ಒಂದು ದಿನ ತಾಟಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ಅತ್ತೆಗೆ ಎಪ್ಪತ್ತೈದು ದಾಟಿದೆ. ಇನ್ನೆಷ್ಟು ಅಮಾವಾಸ್ಯೆ ಅವರ ಪಾಲಿಗಿವೆ ಎಂದು ನಾವು ಮೂವರೂ ಯೋಚಿಸಿದೆವು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಯಾದಗಿರಿಯ ಒಬ್ಬ ಗುತ್ತಿಗೆದಾರರ ಹಳೆಯ ಜೀಪು ನಮ್ಮ ಬಾಗಿಲಿಗೆ ಬಂದದ್ದು ಹಾಗೆ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುತ್ತದೆ, ಗುಡ್ಡ ಹತ್ತುತ್ತದೆ ಎಂದೆಲ್ಲ ಇವರು ನನಗೆ ವಿವರಿಸಿದರು. ಮೊದಲ ದಿನವೇ ಅದು ಹೊಲದ ದಾರಿಯ ದಿಬ್ಬದ ಮೇಲೆ ಹೊಟ್ಟೆ ಊರಿ ಕೂತಿತು. ನಾಲ್ಕೂ ಗಾಲಿ ಗಾಳಿಯಲ್ಲಿ ತಿರುಗಿದವು. ಹಾಗಾದರೆ ಜೀಪನ್ನೇ ಎತ್ತರಿಸಬೇಕೆಂದು ತೀರ್ಮಾನವಾಯಿತು.

ಎಷ್ಟು ಎತ್ತರ? ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಇವರು ಊಟ ಮರೆತರು. ಯಾವುದೋ ದೇಶದ ಮರುಭೂಮಿಯಲ್ಲಿ ಯಾವನೋ ಗಡ್ಡದವನು ಜೀಪು ಹಾರಿಸುತ್ತಿದ್ದ. 'ಆ ಮನಷ್ಯಾಗ ತಾಯಿ ಅದಾಳೇನ್ರಿ? ಮಣಕಾಲ ನೋವದಾವೇನು?' ಎಂದು ಕೇಳಿದೆ. ಮರುದಿನ ಟೇಪು ಹಿಡಿದು ದಿಬ್ಬವನ್ನು ಅಳೆಯಲು ಹೊರಟರು, ನಾನೂ ಹೋದೆ. ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಒಂದು ಕಣ್ಣು ಮುಚ್ಚಿ, 'ಹನ್ನೊಂದು... ಇಲ್ಲಿ ಹನ್ನೆರಡೂವರಿ... ಬರ್ಕೋ' ಎನ್ನುತ್ತಿದ್ದರು. ಪಕ್ಕದ ಹೊಲದ ಅಮಾತೆಪ್ಪ ಎತ್ತು ನಿಲ್ಲಿಸಿ ಓಡಿ ಬಂದ.

'ರಸ್ತಾ ಮಂಜೂರ ಆತೇನ್ರಿ ಸಾವ್ಕಾರ್ರ?'

'ಇನ್ನೂ ಅಳತಿ ನಡದದ' ಎಂದರು ಇವರು, ಮುಖದ ಕೆಸರು ಒರೆಸಿಕೊಳ್ಳುತ್ತ. ಸುಳ್ಳಲ್ಲ, ನಿಜವೂ ಅಲ್ಲ. ಅರ್ಧ ತಾಸಿನಲ್ಲಿ ಸುತ್ತಲ ಹೊಲದವರೆಲ್ಲ ನೆರೆದರು. ಒಬ್ಬ ತನ್ನ ಬದುವಿನ ಬೇವಿನ ಗಿಡ ಉಳಿಸಬೇಕೆಂದ. ಇನ್ನೊಬ್ಬ ರಸ್ತೆಯನ್ನು ಅಮಾತೆಪ್ಪನ ಹೊಲದಲ್ಲಿ ಹಾಯಿಸಬೇಕೆಂದ. ಅಮಾತೆಪ್ಪನಿಗೂ ಅವನಿಗೂ ಅಲ್ಲೇ ಹತ್ತಿಕೊಂಡಿತು. ಇಲ್ಲದ ರಸ್ತೆಯ ಸಲುವಾಗಿ ಆ ಇಬ್ಬರು ಈಗಲೂ ಮಾತಾಡುವುದಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹಿಂದೆ ಇನಾಯತನ ಗ್ಯಾರೇಜು. ಇನಾಯತ ಒಳ್ಳೆಯ ಮನುಷ್ಯ, ಆದರೆ ನಮ್ಮ ಮನೆಯವರಿಗೆ ಅಂಥ ಮನುಷ್ಯ ಸಿಗಬಾರದಿತ್ತು. ತಾಲೂಕಿನಲ್ಲೇ ಎತ್ತರದ ಜೀಪು ತನ್ನ ಕೈಯಿಂದ ಹೊರಬೀಳಬೇಕೆಂಬ ಆಸೆ ಅವನಿಗೆ ಹುಟ್ಟಿದಾಗಿನಿಂದ ಇತ್ತೋ ಏನೋ. ಒಂದು ಮದುವೆಗೆ ಹೊರಟವರು ಐದು ನಿಮಿಷವೆಂದು ಅಲ್ಲಿ ನಿಂತೆವು. ನಾನು ರೇಷ್ಮೆ ಸೀರೆಯಲ್ಲಿ ಹಳೆಯ ಟೈರಿನ ಮೇಲೆ ಕೂತು ಇಡೀ ಮಾತುಕತೆ ಕೇಳಿದೆ.

'ಎರಡಿಂಚ ಅಂದ್ರ ಶೋಕಿ ಸಾವ್ಕಾರ್ರ. ನಾಕಿಂಚ ಅಂದ್ರ ಕೆಲಸ' ಎಂದ ಇನಾಯತ. 'ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾದಾಗ ಎರಡ ಪಟ್ಟಿ ಜಾಸ್ತಿ ಹಾಕಿ ಕಮಾನು ಎಬ್ಬಸ್ತೀನಿ. ಉದ್ದನ ಶಾಕ್ ಹಾಕ್ತೀನಿ. ಮಜಬೂತ ಆಗ್ತದ.'

'ಟೈರು?'

'ಅಷ್ಟ ಎತ್ತರಾದ ಮ್ಯಾಲ ಈ ಟೈರ್ ಇಟ್ರ, ಜಗಜಟ್ಟಿಗೆ ಕೂಸಿನ ಚಪ್ಲಿ ಹಾಕ್ದಂಗ ಕಾಣ್ತದ. ದೊಡ್ಡದು ಬೇಕ.'

'ದೊಡ್ಡ ಟೈರ್ ಮಡ್‌ಗಾರ್ಡಿಗೆ ಹತ್ತಂಗಿಲ್ಲೇನು?'

'ಹತ್ತತಾವ. ಅದಕ್ಕ ಇನ್ನಷ್ಟ ಎತ್ತರ ಮಾಡೂಣು.'

ಟೈರು ದೊಡ್ಡದಾದ್ದರಿಂದ ಎತ್ತರ, ಎತ್ತರವಾದ್ದರಿಂದ ಟೈರು ದೊಡ್ಡದು. ನಾನು ತಡೆಯದಿದ್ದರೆ ಜೀಪು ಆ ಹೊತ್ತಿಗೆ ಸುರಪುರದ ಕೋಟೆಯ ಮಟ್ಟಕ್ಕೆ ಹೋಗುತ್ತಿತ್ತು. 'ನಾಕಿಂಚ ಸಾಕ. ಮದುವಿ ಊಟ ತೀರ್ತದ, ಏಳ್ರಿ' ಎಂದೆ. ಆಮೇಲೆ ಟೈರು ಆರಿಸುವುದೇ ಒಂದು ಪುರಾಣವಾಯಿತು. ಅಗಲ ಟೈರು ಕೆಸರಿನ ಮೇಲೆ ತೇಲುತ್ತದೆಂದು ಇವರು, ಸಣ್ಣ ಟೈರು ಕೆಸರು ಕೊರೆದು ಗಟ್ಟಿ ನೆಲ ಮುಟ್ಟುತ್ತದೆಂದು ಇನಾಯತ. 'ಎರಿ ಭೂಮ್ಯಾಗ ಗಟ್ಟಿ ನೆಲ ಪಾತಾಳದಾಗ ಅದ' ಎಂದರು ಇವರು. ಕೊನೆಗೆ ಅಂಗೈಯಷ್ಟು ಆಳದ ಹಲ್ಲಿನ ಅಗಲ ಟೈರು ಹೈದರಾಬಾದಿನಿಂದ ಬಂದವು. ಹತ್ತಲು ಇದ್ದ ಪಾವಟಿಗೆಯನ್ನು ಇನಾಯತ ಕೊರೆದು ತೆಗೆದುಹಾಕಿದ. ಅದು ದಿಬ್ಬಕ್ಕೆ ಬಡಿಯುತ್ತದಂತೆ.

'ಪಾವಟಗಿ ಇಲ್ದ ಅತ್ತಿ ಹ್ಯಾಂಗ ಹತ್ತತಾರ?' ಎಂದು ಕೇಳಿದೆ. ಇಬ್ಬರೂ ನನ್ನತ್ತ ನೋಡಿದರು. ಆ ನೋಟದಲ್ಲಿ ಒಂದು ಕ್ಷಣ ನಿಜವಾದ ಭಯವಿತ್ತು.

ಆದರೆ ದೇವರು ಇಂಥವರ ಕಡೆಗೇ ಇರುತ್ತಾನೆ. ಜೀಪು ಬಾಗಿಲಿಗೆ ಬಂದು ನಿಂತಾಗ ನೋಡಿದರೆ ಅದರೊಳಗಿನ ನೆಲ ನಮ್ಮ ಮನೆಯ ಮುಂದಿನ ಕಟ್ಟೆಗೆ ಸರಿಸಮ. ಕಟ್ಟೆ ಒಳಗಿನ ಪಡಸಾಲೆಗೆ ಸರಿಸಮ. ಅತ್ತೆ ಪಡಸಾಲೆಯಿಂದ ಕೋಲೂರುತ್ತ ಬಂದರು, ಕಟ್ಟೆಯ ಮೇಲೆ ನಡೆದರು, ನಡೆಯುತ್ತಲೇ ಜೀಪಿನೊಳಗೆ ಹೋಗಿ ಕೂತರು. ಮೊಣಕಾಲು ಬಗ್ಗಿಸಲೇ ಇಲ್ಲ. ಅತ್ತೆಯ ಮುಖ ಅರಳಿತು.

'ನೋಡ ರಂಜನಿ! ಕಟ್ಟಿಗಿ ಬರೋಬರಿ ಅಳತಿ ಮಾಡಿಸ್ಯಾನ ನನ್ನ ಮಗ.'

ಮಗ ಬಹಳ ದಿನ ಲೆಕ್ಕ ಹಾಕಿದವರ ಹಾಗೆ ಮೆಲ್ಲಗೆ ತಲೆಯಾಡಿಸಿದರು. ನಾನು ಆರತಿ ತಟ್ಟೆ ತರಲು ಒಳಗೆ ಹೋದೆ.

ಪೂಜೆಯಾಯಿತು. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಜೀಪು ಮುಂದೆ ತೆಗೆದರು. ಮೂರು ಪಚಕ್ಕೆಂದವು, ನಾಲ್ಕನೆಯದು ಟೈರಿನ ಹಲ್ಲುಗಳ ನಡುವೆ ಸಿಕ್ಕಿಕೊಂಡು ಇಡಿಯಾಗಿ ಒಂದು ಸುತ್ತು ಹಾಕಿ ಮೇಲೆ ಬಂತು. ಜೋಪಾನ ಮಾಡಿದ ತತ್ತಿಯಂತೆ ಅಲ್ಲೇ ಕೂತಿತ್ತು. 'ಒಂದ ನಿಂಬಿಹಣ್ಣ ಒಡಿಯಾಕ ಬರ್ಲಿಲ್ಲ ಇದಕ, ಕೆಸರ ದಾಟ್ತದಂತ' ಎಂದರು ಅತ್ತೆ. ಇನಾಯತ ಅದನ್ನು ಕಿತ್ತು ತೆಗೆದು ಚಹಾಕ್ಕೆ ಹಿಂಡಿಕೊಂಡು ಕುಡಿದ. ಆಮೇಲೆ ಅತ್ತೆಯನ್ನು ಕೂಡಿಸಿಕೊಂಡು ಬಸ್ ನಿಲ್ದಾಣದ ತನಕ ಒಂದು ಸುತ್ತು ಹೋಗಿ ಬಂದರು. ಜನರೆಲ್ಲ ತಲೆಯೆತ್ತಿ ನೋಡಿದರು. ಅತ್ತೆ ಮೆರವಣಿಗೆಯಲ್ಲಿ ಗೆದ್ದ ಪಂಚಾಯತಿ ಮೆಂಬರಿನ ಹಾಗೆ ಕೈ ಮುಗಿದರು. ಮರಳಿ ಬಂದು ಕಟ್ಟೆಯ ಮೇಲೇ ಇಳಿದರು. ಕಟ್ಟೆಯಿಂದ ಹತ್ತಿದ್ದು, ಕಟ್ಟೆಗೇ ಇಳಿದದ್ದು. ಆದ್ದರಿಂದ ನಮ್ಮ ನಾಲ್ವರಲ್ಲಿ ಒಬ್ಬರ ತಲೆಗೂ ಏನೂ ಹೊಳೆಯಲಿಲ್ಲ.

ಅಮಾವಾಸ್ಯೆಯ ದಿನ ಬೆಳಗಿನಿಂದ ಅಡಿಗೆ ಮಾಡಿ ಬುಟ್ಟಿಗಳನ್ನು ತುಂಬಿದೆವು. ಏರಿ ಇಳಿದು ಹೊಲದ ದಾರಿಗೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಜೀಪು ಕೆಸರಿಗೆ ಇಳಿಯಿತು, ಓಲಾಡಿತು, ಗುರುಗುಟ್ಟಿತು, ನಿಲ್ಲಲಿಲ್ಲ. ದಿಬ್ಬ ಹೊಟ್ಟೆಯ ಕೆಳಗೆ ಸುಮ್ಮನೆ ಹಾದುಹೋಯಿತು. ಸುಳ್ಳೇಕೆ ಹೇಳಲಿ, ಆಗ ನನ್ನ ಗಂಡನ ಬಗ್ಗೆ ನನಗೆ ಹೆಮ್ಮೆಯಾಯಿತು. ಹೊಲದ ಅಂಚಿನ ಬನ್ನಿ ಗಿಡದ ಪಕ್ಕ ಜೀಪು ನಿಲ್ಲಿಸಿ, ಎಂಜಿನ್ನು ಆರಿಸಿ, ಅವರು ಹಿಂದೆ ತಿರುಗಿ, 'ಇಳಿ ಯವ್ವಾ. ನಿನ್ನ ಹೊಲ' ಎಂದರು.

ಅತ್ತೆ ಕೆಳಗೆ ನೋಡಿದರು. ನಾವೂ ನೋಡಿದೆವು. ನೆಲ ಅಷ್ಟು ದೂರದಲ್ಲಿ ಇದೆಯೆಂದು ಅಲ್ಲಿಯತನಕ ಯಾರಿಗೂ ಗೊತ್ತಿರಲಿಲ್ಲ. ಹೊಲದಲ್ಲಿ ಕಟ್ಟೆ ಇರಲಿಲ್ಲ.

'ಎತ್ಕೊಂಡ ಇಳಸ್ತೀನಿ ಬಾ' ಎಂದು ಮಗ ಕೈ ಚಾಚಿದರು.

'ಮುಟ್ಟಿ ನೋಡ! ನಿಮ್ಮಪ್ಪನ ಕಡಿಂದ ಎತ್ತಿಸ್ಕೊಂಡಾಕಿ ಅಲ್ಲ ನಾ. ಊರ ಮುಂದ ಈಗ ನಿನ್ನ ಕಡಿಂದ ಎತ್ತಿಸ್ಕೊಳ್ಳೇನು?' ಸುತ್ತಲ ಹೊಲಗಳಲ್ಲಿ ನಿಜವಾಗಿಯೂ ಊರೇ ನೆರೆದಿತ್ತು. ಎತ್ತರದ ಜೀಪನ್ನು ಎಲ್ಲರೂ ನೋಡುತ್ತಿದ್ದರು. ಇಷ್ಟು ಹೊತ್ತು ಇವರಿಗೆ ಬೇಕಾಗಿದ್ದದ್ದೂ ಅದೇ, ಈಗ ಬೇಡವಾದದ್ದೂ ಅದೇ.

ಲಿಂಗಣ್ಣ ಬಕೆಟ್ಟು ಬೋರಲು ಹಾಕಿದ. ಅದು ಅವನ ಕಣ್ಣೆದುರೇ ಎರೆಮಣ್ಣಿನಲ್ಲಿ ಇಳಿದುಹೋಯಿತು. ಮಣ್ಣು ಗುಡ್ಡೆ ಹಾಕಿ ಮೆಟ್ಟಿಲು ಮಾಡಿದ, ತಾನೇ ಹತ್ತಿ ಗಟ್ಟಿ ಇದೆಯೇ ಎಂದು ನೋಡಿದ, ಮೊಣಕಾಲ ತನಕ ಹೂತು ಪಕ್ಕಕ್ಕೆ ಜಾರಿದ. ಎರೆ ಹೊಲದಲ್ಲಿ ಹುಡುಕಿದರೂ ಒಂದು ಕಲ್ಲು ಸಿಗುವುದಿಲ್ಲ. ಇದ್ದದ್ದು ಬನ್ನಿ ಗಿಡದ ಬುಡದಲ್ಲಿ ಪೂಜೆಗೆಂದು ಇಟ್ಟಿದ್ದ ಐದು ಪಾಂಡವರ ಕಲ್ಲು. ಇವರ ಕಣ್ಣು ಆ ಕಡೆ ಹೊರಳಿದ್ದು ಅತ್ತೆಗೆ ಕಂಡಿತು.

'ಪಾಂಡವ್ರ ತಲಿ ಮ್ಯಾಲ ಕಾಲಿಟ್ಟು ಇಳೀಲೇನೋ?'

'ಹಂಗಾರ ಅಲ್ಲೇ ಕೂತು ಚೆಲ್ಲು ಯವ್ವಾ. ನಾ ಜೀಪ ಹೊಲದ ಸುತ್ತ ಹೊಡೀತೀನಿ' ಎಂದರು ಇವರು, ಬೆವರು ಒರೆಸಿಕೊಳ್ಳುತ್ತ.

ಅತ್ತೆ ಚರಗದ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು. 'ಎತ್ತರದಾಗ ಕೂತು ಒಗದ್ರ ಅದು ಭಿಕ್ಷಾ ಆಗ್ತದ ಮಹೇಶಾ. ಚರಗ ಅಲ್ಲ. ಆಕಿ ಮಣ್ಣಾಗ ಕಾಲಿಟ್ಟು ಆಕಿಗಿ ಉಣಸ್ಬೇಕು.'

ಅಷ್ಟರಲ್ಲಿ ಅಮಾತೆಪ್ಪನ ಹೊಲದಿಂದ 'ಹುಲ್ಲುಲ್ಲಿಗೋ' ಎದ್ದಿತು. ಅದರಾಚೆ ಇನ್ನೊಂದು. ಕೆನಾಲಿನ ಆ ಕಡೆಯಿಂದ ಮತ್ತೊಂದು. ಅತ್ತೆಯ ಕೂಗಿಗೆ ಕಾಯುತ್ತಿದ್ದ ಹೊಲಗಳೆಲ್ಲ ಅವರನ್ನು ಬಿಟ್ಟು ಶುರುಮಾಡಿದವು. ಅತ್ತೆ ಮಡಿಲಲ್ಲಿ ಚರಗದ ಬುಟ್ಟಿ ಅವುಚಿಕೊಂಡು ಆ ಎತ್ತರದಲ್ಲಿ ಒಬ್ಬರೇ ಕೂತಿದ್ದರು. ಹೋದ ವರ್ಷ ಹೊಲ ಕಾಣುತ್ತಿರಲಿಲ್ಲ, ಈ ವರ್ಷ ಕಣ್ಣ ಮುಂದೆಯೇ ಇತ್ತು. ನನಗೆ ಸಿಟ್ಟು ಬಂತು.

'ರೀ, ಅತ್ತಿ ಕೆಳಗ ಇಳ್ಯಾಕ ಬರಂಗಿಲ್ಲ ಅಂದ್ರ ಜೀಪ ಇಳಸ್ರಿ' ಎಂದೆ.

'ಅಂದ್ರ?'

'ಕೆಸರಾಗ ಹುಗೀರಿ.'

ಇವರು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ. ಇಷ್ಟು ತಿಂಗಳು ನಿದ್ದೆಗೆಟ್ಟದ್ದು ಜೀಪು ಹುಗಿಯಬಾರದೆಂದು. ಒಂದು ಸಲ ತಾಯಿಯ ಮುಖ ನೋಡಿದರು, ಒಂದು ಸಲ ಟೈರು ನೋಡಿದರು. ಸೀಟಿಗೆ ಹತ್ತಿ ಎಂಜಿನ್ನು ಶುರುಮಾಡಿ, ಒಮ್ಮೆಲೇ ಆಕ್ಸಿಲರೇಟರು ತುಳಿದು ಗಾಲಿ ತಿರುಗಿಸಿದರು. ಕೆಸರು ಹಾರಿ ಲಿಂಗಣ್ಣನ ಹೊಸ ಅಂಗಿಯ ಮೇಲೆ ಬಿತ್ತು. ಜೀಪು ಹುಗಿಯಲಿಲ್ಲ, ಟಣ್ಣನೆ ಮುಂದೆ ಜಿಗಿಯಿತು. ಇನ್ನೂ ಹಸಿ ಇದ್ದಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರು, ಮತ್ತೆ ಜಿಗಿಯಿತು. ಟೈರಿನ ಗಾಳಿ ಬಿಟ್ಟರೆ ಎರಡು ಬೆರಳು ತಗ್ಗಿತು, ಅಷ್ಟೇ. ಶಹಾಪುರ ತಾಲೂಕಿನಲ್ಲಿ ಹುಗಿಯಬೇಕೆಂದು ಬೇಡಿಕೊಂಡರೂ ಹುಗಿಯದ ಒಂದೇ ಒಂದು ಗಾಡಿ ನಮ್ಮದಾಗಿತ್ತು. ಅತ್ತೆ ಒಳಗೆ ಕಂಬಿ ಹಿಡಿದು, 'ಲೇ, ಚರಗ ಚೆಲ್ತದಲೇ!' ಎಂದು ಕೂಗುತ್ತಿದ್ದರು.

'ಬನ್ನಿ ಗಿಡದ ಬಲ್ಲಿ ನಿಂದರಸ್ರಿ. ತೆಗ್ಗ ತಗಿಯೂಣು' ಎಂದ ಲಿಂಗಣ್ಣ, ಸಲಿಕೆ ಎತ್ತಿಕೊಳ್ಳುತ್ತ.

ನಾಲ್ಕು ಗಾಲಿಗಳ ಮುಂದೆ ನಾಲ್ಕು ತೆಗ್ಗು. ಲಿಂಗಣ್ಣ ಎರಡು ತೆಗೆದ. ತನ್ನ ಚರಗ ಮುಗಿಸಿ ಊಟಕ್ಕೆ ಕರೆಯಲು ಬಂದ ಅಮಾತೆಪ್ಪ, ಇದೇನೆಂದು ಒಂದು ಮಾತೂ ಕೇಳದೆ ಒಂದು ತೆಗೆದ. ನಾಲ್ಕನೆಯದನ್ನು ನಮ್ಮ ಮನೆಯವರು ಇಸ್ತ್ರಿ ಅಂಗಿಯ ತೋಳೇರಿಸಿ ತೆಗೆದರು. ಅಂಗೈ ಬೊಬ್ಬೆ ಬಂದರೂ ನಿಲ್ಲಿಸಲಿಲ್ಲ. ಆಮೇಲೆ ಜೀಪನ್ನು ಮೆಲ್ಲಗೆ ಮುಂದೆ ಉರುಳಿಸಿದರು. ನಾಲ್ಕೂ ಗಾಲಿ ಒಟ್ಟಿಗೆ ಇಳಿದವು. ನೆಲದಿಂದ ಮೇಲೆತ್ತಲು ಇನಾಯತ ಅಷ್ಟು ಪಾಡು ಪಟ್ಟಿದ್ದ ಆ ಹೊಟ್ಟೆ ಮೆತ್ತಗೆ ನೆಲಕ್ಕೆ ತಾಗಿ ಕೂತಿತು.

ಅತ್ತೆ ಸೀಟಿನ ಅಂಚಿಗೆ ಸರಿದು ಕಾಲು ಇಳಿಬಿಟ್ಟರು. ಬರಿಗಾಲು ಮಣ್ಣಿಗೆ ಮುಟ್ಟಿತು. ಕೋಲೂರಿ ಎದ್ದು ನಿಂತರು. ಒಂದು ಕ್ಷಣ ಕಣ್ಣು ಮುಚ್ಚಿದರು, ಬೆರಳುಗಳಿಂದ ಮಣ್ಣನ್ನು ಒತ್ತಿ ನೋಡಿದರು. ಆಮೇಲೆ ಬುಟ್ಟಿಯನ್ನು ಸೊಂಟಕ್ಕಿಟ್ಟು ಕೂಗಿದರು.

'ಹುಲ್ಲುಲ್ಲಿಗೋ...!'

ಎರಡು ವರ್ಷ ತಡೆದಿಟ್ಟದ್ದೆಲ್ಲ ಆ ಕೂಗಿನಲ್ಲಿತ್ತು. ಜೋಳದ ಮೇಲಿನ ಗುಬ್ಬಿಗಳೆಲ್ಲ ಒಟ್ಟಿಗೆ ಎದ್ದವು. ಸುತ್ತಲ ಹೊಲದವರು ಊಟ ಬಿಟ್ಟು ಎದ್ದು ನಿಂತರು. ನಾನು ತಂಬಿಗೆ ಹಿಡಿದು 'ಚಲಾಂಬ್ರಿಗೋ' ಎನ್ನಬೇಕಿತ್ತು, ಅತ್ತೆಯ ಕಾಲನ್ನೇ ನೋಡುತ್ತ ಮರೆತುಬಿಟ್ಟೆ. ಹಿಂದಿನಿಂದ ಮೈಯೆಲ್ಲ ಕೆಸರಾದ ನಮ್ಮ ಮನೆಯವರು ನನ್ನ ಬದಲಿಗೆ ಕೂಗಿದರು. ಈ ಸಲ ಅವರ ಕೂಗು ಚೆನ್ನಾಗಿ ಕೇಳಿಸಿತು. ಅತ್ತೆ ತಿರುಗಿ ನೋಡಲಿಲ್ಲ, ಆದರೆ ಹೆಜ್ಜೆ ಜೋರಾಯಿತು.

ಊಟವಾದ ಮೇಲೆ ಅತ್ತೆ ಹಾಗೇ ಸೀಟಿನ ಅಂಚಿಗೆ ಕೂತು ಒಳಗೆ ಸರಿದರು. ಇವರು ಎಂಜಿನ್ನು ಶುರುಮಾಡಿದರು. ಜೀಪು ಒಮ್ಮೆ ಮುಲುಗಿ, ನಾಲ್ಕು ತೆಗ್ಗಿನಿಂದ ಒಂದೇ ಏಟಿಗೆ ಮೇಲೆದ್ದಿತು. ಹೈದರಾಬಾದಿನ ಟೈರು ತನ್ನ ಪೂರ್ತಿ ಬಲ ತೋರಿಸಿದ್ದು ಆಗಲೇ, ನೋಡಲು ಆಗ ಅಮಾತೆಪ್ಪನೂ ಇರಲಿಲ್ಲ.

ಲಿಂಗಣ್ಣ ಸಲಿಕೆ ಹಿಡಿದು ತೆಗ್ಗು ಮುಚ್ಚಲು ಬಂದ. ಅತ್ತೆ ಮೇಲಿನಿಂದ ಬಗ್ಗಿ ನೋಡಿದರು.

'ಏ ಲಿಂಗಣ್ಣ, ಮುಚ್ಚಬ್ಯಾಡ.'

'ಕುಂಟಿ ಹೊಡಿಯೂ ಜಾಗ ಅದ್ರಿ ಅವ್ವಾರ. ಎತ್ತಿನ ಕಾಲ ಸಿಗತಾವ.'

'ಸುತ್ತ ಹಾಕ್ಕೊಂಡು ಹೊಡಿ. ಮುಚ್ಚಿಬಿಟ್ರ ಬರೂ ವರ್ಷ ನಾ ಎಲ್ಲಿ ಇಳೀಲಿ?'

ಲಿಂಗಣ್ಣ ನಮ್ಮ ಮನೆಯವರ ಮುಖ ನೋಡಿದ. ಇವರು ಜೀಪಿನಿಂದ ಕೆಳಗೆ ಹಾರಿದರು, ಅವನ ಕೈಯಿಂದ ಸಲಿಕೆ ಇಸಿದುಕೊಂಡರು, ಕುಸಿದಿದ್ದ ತೆಗ್ಗಿನ ಅಂಚುಗಳನ್ನು ಒಂದೊಂದಾಗಿ ನೇರ ಮಾಡಿ ಬಂದು ಗಾಡಿ ಹತ್ತಿದರು.